ವ್ಯಾಟ್‌ಗಿಂತ ಮೊದಲು ಜಾರ್ ನೋಡಿ

1000 ವ್ಯಾಟ್ ಬ್ಲೆಂಡರ್ ಸಾಕಾ, 1500 ಬೇಕಾ ಎಂದು ಕೇಳಿದ್ದೀರಿ. ಇಬ್ಬರಿಗೆ ಸ್ಮೂದಿ, ಆಗಾಗ ಬಾದಾಮಿ ಬೆಣ್ಣೆ, ಅಷ್ಟೇ ಅಲ್ವಾ? ಹಾಗಿದ್ರೆ 1000 ಧಾರಾಳ ಸಾಕು. ವ್ಯಾಟ್ ಅಂದ್ರೆ ಮೋಟರ್ ಎಳೆಯುವ ವಿದ್ಯುತ್ತು, ಬ್ಲೇಡಿಗೆ ಸಿಗುವ ಬಲವಲ್ಲ.

ನಿಮಗೆ ಮುಖ್ಯವಾದದ್ದು ಜಾರಿನ ಆಕಾರ. 2 ಲೀಟರಿನ ಅಗಲ ಜಾರಿಗೆ ಎರಡು ಹಿಡಿ ಬಾದಾಮಿ ಹಾಕಿದರೆ ಪುಡಿಯೆಲ್ಲ ಹಾರಿ ಪಕ್ಕಕ್ಕೆ ಅಂಟುತ್ತದೆ. ಬ್ಲೇಡ್ ಸುಮ್ನೆ ಗಾಳಿಯಲ್ಲಿ ತಿರುಗುತ್ತದೆ. ಮತ್ತೆ ಮತ್ತೆ ನಿಲ್ಲಿಸಿ ಚಮಚದಲ್ಲಿ ಕೆರೆದು ನನಗೆ ಸಾಕಾಗಿತ್ತು. ಬುಡ ಕಿರಿದಾಗಿರುವ ಜಾರನ್ನೇ ಆರಿಸಿ. ಮುಚ್ಚಳದ ತೂತಿನಿಂದ ಇಳಿಸಿ ಒತ್ತುವ ಟ್ಯಾಂಪರ್ ಜೊತೆಗೆ ಬರಲೇಬೇಕು. ವೇಗವನ್ನು ನಿಧಾನವಾಗಿ ಏರಿಸುವ ನಾಬ್ ಇದ್ದರೆ ಇನ್ನೂ ಒಳ್ಳೆಯದು.

ಬಿಸಿ ಸೂಪ್ ಮಾಡುವುದಾದರೆ ಅರ್ಧಕ್ಕಿಂತ ಜಾಸ್ತಿ ತುಂಬಬೇಡಿ, ಹಬೆ ಹೋಗಲು ದಾರಿ ಬಿಡಿ.