ಹನ್ನೊಂದರ ಮಗಳಿಗೆ ಪದೇ ಪದೇ ತಲೆನೋವು: ಪ್ರತಿಕ್ರಿಯೆ

ಮಧ್ಯಾಹ್ನ ಶಾಲೆಯಿಂದ ಬಂದೊಡನೆ ಹಣೆ ಹಿಡಿದುಕೊಳ್ಳುವುದು, ವಾಂತಿ, ಕತ್ತಲೆ ಕೋಣೆಯಲ್ಲಿ ಮಲಗಿ ಎದ್ದರೆ ಹಗುರ: ನೀವು ಬರೆದದ್ದು ಹೆಚ್ಚಾಗಿ ಮೈಗ್ರೇನ್ ಲಕ್ಷಣ. ಮಕ್ಕಳಲ್ಲಿ ಅದು ಅರ್ಧ ತಲೆಗೇ ಬರಬೇಕೆಂದಿಲ್ಲ, ಹಣೆಯ ಎರಡೂ ಕಡೆ ಕಾಡುತ್ತದೆ. ಖಚಿತವಾಗಿ ವೈದ್ಯರೇ ಹೇಳಬೇಕು.

ಮೊದಲು ಬೆಳಗಿನ ಹೊಟ್ಟೆ ನೋಡಿ. ನನ್ನ ಮಗ ಬರೀ ಚಹಾ ಕುಡಿದು ಓಡುತ್ತಿದ್ದ. ನೀರಿನ ಬಾಟಲಿ ತುಂಬಿದ್ದು ತುಂಬಿದಂತೆಯೇ ಮನೆಗೆ ಮರಳುತ್ತಿತ್ತು. 40 ಡಿಗ್ರಿ ದಾಟುವ ಕಲಬುರಗಿಯ ಬಿಸಿಲಿನಲ್ಲಿ ತಲೆನೋವು ಕೆರಳಲು ಅಷ್ಟೇ ಸಾಕು. ರೊಟ್ಟಿಯೋ ಸುಸಲಾವೋ ತಿನ್ನಿಸಿಯೇ ಕಳಿಸಿ. ಬಾಟಲಿ ಖಾಲಿಯಾಗಿದೆಯೇ ಎಂದು ದಿನವೂ ನೋಡಿ. ರಜೆಯಲ್ಲೂ ಮಲಗುವ ಹೊತ್ತು ತಪ್ಪಿಸಬೇಡಿ.

ನೋವು ಬಂದ ದಿನ, ಸಮಯ, ಹಿಂದಿನ ರಾತ್ರಿಯ ನಿದ್ದೆ, ತಿಂದದ್ದು ಎಲ್ಲವನ್ನೂ ಬರೆದಿಟ್ಟು ಮಕ್ಕಳ ವೈದ್ಯರಿಗೆ ತೋರಿಸಿ. ತೂಕಕ್ಕೆ ತಕ್ಕ ಪ್ಯಾರಾಸಿಟಮಾಲ್ ಪ್ರಮಾಣವನ್ನು ಅವರಿಂದಲೇ ಕೇಳಿಕೊಂಡು, ನೋವು ಶುರುವಾದೊಡನೆ ಕೊಡಿ. ತಡವಾದರೆ ಅದರ ಪ್ರಯೋಜನ ಕಡಿಮೆ. ವಾರಕ್ಕೆ ಎರಡು ದಿನಕ್ಕಿಂತ ಹೆಚ್ಚು ಬೇಕಾದರೆ ಮತ್ತೆ ವೈದ್ಯರ ಬಳಿ ಹೋಗಿ, ಅತಿಯಾದ ಮಾತ್ರೆಯಿಂದಲೂ ತಲೆನೋವು ಬರುತ್ತದೆ. ಆಸ್ಪಿರಿನ್ ಮಾತ್ರ ಕೊಡಲೇಬೇಡಿ.

ನಿದ್ದೆಯಿಂದ ಎಬ್ಬಿಸುವ ನೋವು, ಬೆಳಗಾಗುತ್ತಲೇ ವಾಂತಿ, ಎರಡೆರಡಾಗಿ ಕಾಣುವುದು, ತೂರಾಡುವ ನಡಿಗೆ, ಜ್ವರದೊಂದಿಗೆ ಕುತ್ತಿಗೆ ಬಿಗಿತ, ಇವುಗಳಲ್ಲಿ ಒಂದು ಕಂಡರೂ ಕಾಯದೆ ತಕ್ಷಣ ಕಲಬುರಗಿಯ ಸರ್ಕಾರಿ ಜಿಮ್ಸ್ ಆಸ್ಪತ್ರೆಗೆ ಕರೆದೊಯ್ಯಿರಿ.