ಲೋಡ್ ಇಲ್ಲದೆ ಅಳೆದ 12 ವೋಲ್ಟ್

ನಮಸ್ಕಾರ.

ನೀವು ದಾವಣಗೆರೆಯಿಂದ ಕಳಿಸಿದ ‘ರೌಟರ್ ಪದೇ ಪದೇ ಆಫ್ ಆಗುತ್ತಿದೆಯೇ? ಪವರ್ ಸಪ್ಲೈ ದೋಷ ಪತ್ತೆ ಮಾಡುವ ಬಗೆ’ ಲೇಖನ ತಲುಪಿದೆ. ಪೂರ್ತಿ ಓದಿದೆ. ಈಗ ಇರುವ ಹಾಗೆ ಇದನ್ನು ಪತ್ರಿಕೆಗೆ ತೆಗೆದುಕೊಳ್ಳೋಕೆ ಆಗುವುದಿಲ್ಲ. ಹಾಗಂತ ಒಂದು ಸಾಲಿನ ಉತ್ತರ ಬರೆದು ಸುಮ್ಮನಾಗೋಕೂ ಮನಸ್ಸು ಬರಲಿಲ್ಲ. ಇದೇ ತರದ ಬರಹಗಳು ಬೇರೆಯವರಿಂದಲೂ ಬರುತ್ತಿವೆ. ಅದಕ್ಕೇ ನಿಮ್ಮ ಹೆಸರು ಬಿಟ್ಟು ನನ್ನ ಉತ್ತರವನ್ನು ಇಲ್ಲೇ ಅಚ್ಚು ಹಾಕುತ್ತಿದ್ದೇನೆ.

ಮೊದಲು ಚೆನ್ನಾಗಿರುವುದನ್ನು ಹೇಳಿಬಿಡುತ್ತೇನೆ. ಭಾಷೆ ಸರಳವಾಗಿದೆ. ಫೋಟೋಗಳು ಸ್ಪಷ್ಟವಾಗಿವೆ. ರೌಟರ್‌ನ ಸ್ಟೇಟಸ್ ಪುಟ ತೆರೆದು, ಅದು ಎಷ್ಟು ಹೊತ್ತಿನಿಂದ ಓಡುತ್ತಿದೆ ಅಂತ ತೋರಿಸುವ ಅಪ್‌ಟೈಮ್ ನೋಡಿ ಎಂದಿದ್ದೀರಿ, ಒಳ್ಳೆಯ ಸಲಹೆ. ಅಪ್‌ಟೈಮ್ ಮತ್ತೆ ಸೊನ್ನೆಯಿಂದ ಶುರುವಾಗಿದ್ದರೆ ರೌಟರ್ ಬಂದ್ ಆಗಿ ಎದ್ದಿದೆ. ದಿನಗಟ್ಟಲೆ ಓಡುತ್ತಲೇ ಇದ್ದರೆ ತೊಂದರೆ ಬೇರೆ ಕಡೆ ಹುಡುಕಬೇಕು. ಫೈಬರ್ ಪೆಟ್ಟಿಗೆಯಲ್ಲಿ ಸಿಗ್ನಲ್ ಬರುತ್ತಿಲ್ಲ ಅನ್ನುವ ಎಲ್‌ಒಎಸ್ ದೀಪ ಕೆಂಪಾದರೆ ಅದು ಕೇಬಲ್ ಕಡೆಯ ಸಮಸ್ಯೆ, ಅಡಾಪ್ಟರ್‌ದಲ್ಲ ಅನ್ನೋದನ್ನೂ ಸರಿಯಾಗಿ ಬರೆದಿದ್ದೀರಿ.

ಈಗ ನನ್ನ ತಕರಾರಿಗೆ ಬರುತ್ತೇನೆ.

ಮೊದಲ ಪುಟದಲ್ಲೇ ಈ ಸಾಲು ಇದೆ: ‘ಅಡಾಪ್ಟರ್ ಪಿನ್ನಿಗೆ ಮಲ್ಟಿಮೀಟರ್ ಹಿಡಿದಾಗ 12 ವೋಲ್ಟ್ ತೋರಿಸಿದರೆ ಅಡಾಪ್ಟರ್ ಸರಿಯಿದೆ ಎಂದು ತಿಳಿಯಬೇಕು.’ ಮೂರನೇ ಪುಟದಲ್ಲಿ ಮಂಡಿಪೇಟೆಯ ಕಿರಾಣಿ ಅಂಗಡಿಯ ಕತೆ ಹೇಳಿದ್ದೀರಿ. ಅಲ್ಲಿ ರೌಟರ್ ದಿನಾ ಸಂಜೆ ಬಂದ್ ಆಗುತ್ತಿತ್ತು. ಅಡಾಪ್ಟರ್ ಅಳೆದಿರಿ, 12.2 ವೋಲ್ಟ್ ಬಂತು. ಅದಕ್ಕೆ ರೌಟರನ್ನೇ ಬದಲಾಯಿಸಿದಿರಿ, ಹಳೇ ಅಡಾಪ್ಟರ್ ಹಾಗೇ ಇಟ್ಟಿರಿ. ತೊಂದರೆ ಹೋಗಲಿಲ್ಲ. ಕೊನೆಗೆ ಸುಮ್ನೆ ನೋಡೋಣ ಅಂತ ಬೇರೆ ಅಡಾಪ್ಟರ್ ಹಾಕಿದಿರಿ, ಸರಿಹೋಯಿತು. ಅಷ್ಟು ಬರೆದು ‘ಹೀಗೂ ಆಗುವುದುಂಟು’ ಎಂದು ಮುಂದಕ್ಕೆ ಹೋಗಿಬಿಟ್ಟಿದ್ದೀರಿ.

ನನಗೆ ತಡೆಯೋಕಾಗದೇ ಹೋಗಿದ್ದು ಇಲ್ಲೇ. ನಿಮ್ಮ ಕತೆ ನಿಮ್ಮ ನಿಯಮವನ್ನು ಸುಳ್ಳು ಮಾಡುತ್ತಿದೆ. ಆ ಅಡಾಪ್ಟರ್ 12.2 ವೋಲ್ಟ್ ತೋರಿಸಿತು, ಆದರೂ ಕೆಟ್ಟಿತ್ತು. ನೀವೇ ಕಣ್ಣಾರೆ ಕಂಡಿದ್ದೀರಿ. ಕಂಡ ಮೇಲೂ ಎಲ್ಲಿಂದಲೋ ಓದಿದ ನಿಯಮವನ್ನು ಮೊದಲ ಪುಟದಲ್ಲಿ ಇಟ್ಟು, ನಿಮ್ಮ ಕೈಯಲ್ಲಿದ್ದ ಸತ್ಯವನ್ನು ಮೂರನೇ ಪುಟಕ್ಕೆ ತಳ್ಳಿದ್ದೀರಿ. ‘ಹೀಗೂ ಆಗುವುದುಂಟು’ ಅಂದರೆ ಓದುಗನಿಗೆ ಏನು ಸಿಕ್ಕಿತು? ಯಾಕೆ ಹಾಗಾಯಿತು ಅನ್ನೋದೇ ಅಲ್ವಾ ಲೇಖನ?

ಯಾಕೆ ಅಂತ ನೋಡೋಣ. ಸಾಮಾನ್ಯ ಡಿಜಿಟಲ್ ಮಲ್ಟಿಮೀಟರ್‌ನ ಒಳಗಿನ ರೆಸಿಸ್ಟೆನ್ಸ್ ಸುಮಾರು 10 ಮೆಗಾ ಓಮ್. 12 ವೋಲ್ಟಿಗೆ ಹಿಡಿದರೆ ಅದು ಎಳೆಯುವುದು 1.2 ಮೈಕ್ರೋ ಆಂಪ್, ಅಂದರೆ ಒಂದು ಆಂಪಿನ ಹತ್ತು ಲಕ್ಷದಲ್ಲಿ ಒಂದು ಪಾಲಿಗಿಂತ ಚೂರು ಜಾಸ್ತಿ. ರೌಟರ್ ಕೇಳುವುದು ಅರ್ಧ ಆಂಪ್, ಮುಕ್ಕಾಲು ಆಂಪ್. ಮೀಟರ್ ಮುಂದೆ ಅಡಾಪ್ಟರ್ ಏನೂ ಕೆಲಸ ಮಾಡುತ್ತಿಲ್ಲ. ಏನೂ ಕೆಲಸ ಕೊಡದೆ, ಅಂದರೆ ಲೋಡ್ ಇಲ್ಲದೆ, ಅಳೆದರೆ ಸಾಯುತ್ತಿರುವ ಅಡಾಪ್ಟರ್ ಕೂಡ 12 ತೋರಿಸುತ್ತದೆ.

ಸಾಮಾನ್ಯವಾಗಿ ಮೊದಲು ಹಾಳಾಗುವುದು ಔಟ್‌ಪುಟ್ ಕಡೆಯ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್. ಅಡಾಪ್ಟರ್ ಒಳಗೆ ಸ್ವಿಚಿಂಗ್ ಐಸಿ ಅನ್ನೋ ಚಿಪ್ ಸೆಕೆಂಡಿಗೆ ಹತ್ತಾರು ಸಾವಿರ ಸಲ ಆನ್ ಆಫ್ ಆಗುತ್ತದೆ. ಟ್ರಾನ್ಸ್‌ಫಾರ್ಮರ್ ಆಚೆಗೆ ಕರೆಂಟ್ ತುಣುಕು ತುಣುಕಾಗಿ ಬರುತ್ತದೆ. ಒಂದು ತುಣುಕಿಗೂ ಇನ್ನೊಂದಕ್ಕೂ ನಡುವಿನ ಜಾಗ ತುಂಬುವುದು ಆ ಕೆಪಾಸಿಟರ್‌ನ ಕೆಲಸ. ಬಿಸಿಗೆ ಅದರ ಒಳಗಿನ ದ್ರವ ಒಣಗುತ್ತಾ ಬರುತ್ತದೆ, ಒಳ ರೆಸಿಸ್ಟೆನ್ಸ್ ಏರುತ್ತದೆ. ರಿಪೇರಿಯವರು ಇಎಸ್‌ಆರ್ ಏರಿದೆ ಅನ್ನೋದು ಇದಕ್ಕೇ. ಆಗ ಲೋಡ್ ಬಿದ್ದ ಕ್ಷಣ ವೋಲ್ಟೇಜ್ ಕುಸಿಯುತ್ತದೆ, ಕುಣಿಯುತ್ತದೆ. ಕುಸಿತ ಒಂದು ಮಿತಿ ದಾಟಿದರೆ ರೌಟರ್‌ನ ಚಿಪ್ ರೀಸೆಟ್ ಆಗುತ್ತದೆ.

ನಿಮ್ಮ ಕಿರಾಣಿ ಅಂಗಡಿಯಲ್ಲಿ ಸಂಜೆಯೇ ಯಾಕೆ ಅನ್ನೋದನ್ನೂ ನೀವು ಕೇಳಿಕೊಂಡಿಲ್ಲ. ಸಂಜೆ ಗಿರಾಕಿ ಜಾಸ್ತಿ. ಬಿಲ್ಲಿಂಗ್ ಯಂತ್ರ, ಕ್ಯಾಮೆರಾ, ಹಣ ಕಳಿಸೋರ ಫೋನುಗಳು ಎಲ್ಲಾ ಒಟ್ಟಿಗೆ ವೈಫೈ ಮೇಲೆ ಬೀಳುತ್ತವೆ. ರೇಡಿಯೋ ಜಾಸ್ತಿ ಹೊತ್ತು ಸಿಗ್ನಲ್ ಕಳಿಸಬೇಕು, ಆಂಪ್ಸ್ ಜಾಸ್ತಿ ಎಳೆಯಬೇಕು. ಬೆಳಗ್ಗೆ ಹೇಗೋ ಸಂಭಾಳಿಸಿದ ಅಡಾಪ್ಟರ್ ಆಗ ಕೈ ಬಿಟ್ಟಿರಬೇಕು. ನೀವೇ ಬರೆದ ಕತೆಯಲ್ಲಿ ಇಷ್ಟು ಸುಳಿವು ಇದೆ. ನಾನಾಗಿದ್ದರೆ ಲೇಖನವನ್ನು ಅಲ್ಲಿಂದಲೇ ಶುರು ಮಾಡುತ್ತಿದ್ದೆ.

ಮೊದಲ ಪುಟದ ಆ ನಿಯಮದ ಮುಂದಿನ ಸಾಲು: ‘ರೌಟರ್‌ನ ಲೈಟ್ ಉರಿಯುತ್ತಿದ್ದರೆ ಪವರ್ ಸರಿಯಾಗಿ ಬರುತ್ತಿದೆ ಎಂದರ್ಥ.’ ಇದನ್ನೂ ಹೊಡೆದುಹಾಕಿ. ಎಲ್‌ಇಡಿಗೆ ಕೆಲವೇ ಮಿಲಿ ಆಂಪ್ ಸಾಕು. ಅಡಾಪ್ಟರ್ ಎಷ್ಟು ಸೊರಗಿದ್ದರೂ ಅಷ್ಟನ್ನು ಕೊಡುತ್ತದೆ. ಎಲ್ಲಾ ದೀಪಗಳೂ ಒಟ್ಟಿಗೆ ಆರಿ, ಮತ್ತೆ ಒಂದೊಂದಾಗಿ ಹತ್ತುತ್ತಿದ್ದರೆ ಅದು ಸುಳಿವು. ಸುಮ್ಮನೆ ಉರಿಯುವ ಪವರ್ ದೀಪ ಏನನ್ನೂ ಹೇಳುವುದಿಲ್ಲ.

ಅದರ ಮುಂದಿನದು: ‘ಕೆಪಾಸಿಟರ್ ತಲೆ ಉಬ್ಬಿದ್ದರೆ ಕೆಟ್ಟಿದೆ, ಇಲ್ಲವಾದರೆ ಸರಿಯಿದೆ.’ ಮೊದಲ ಅರ್ಧ ನಿಜ. ಎರಡನೇ ಅರ್ಧ ಓದುಗನ ದಾರಿ ತಪ್ಪಿಸುತ್ತದೆ. ತಲೆ ಚಪ್ಪಟೆಯಾಗೇ ಇದ್ದು ಒಳಗೆ ಪೂರ್ತಿ ಒಣಗಿದ ಕೆಪಾಸಿಟರ್ ಎಷ್ಟೋ ಸಿಗುತ್ತವೆ. ಸಣ್ಣ ಸೈಜಿನವು ಉಬ್ಬದೇ ಹೋಗುವುದೇ ಜಾಸ್ತಿ. ಮೀಟರ್‌ನಲ್ಲಿ ಅದರ ಸಾಮರ್ಥ್ಯವನ್ನು ಮೈಕ್ರೋ ಫ್ಯಾರಡ್ ಲೆಕ್ಕದಲ್ಲಿ ಅಳೆದರೂ ಹತ್ತಿರ ಹತ್ತಿರ ಸರಿಯಾದ ಲೆಕ್ಕ ಬರಬಹುದು, ಇಎಸ್‌ಆರ್ ಮಾತ್ರ ಮೇಲೇರಿರುತ್ತದೆ.

ಈ ಮೂರೂ ಸಾಲುಗಳ ದೋಷ ಒಂದೇ. ಯಾವ ಸ್ಥಿತಿಯಲ್ಲಿ ನೋಡಿದಿರಿ ಅನ್ನೋದು ಎಲ್ಲೂ ಇಲ್ಲ. ಬರೀ ಫಲಿತಾಂಶ ಇದೆ.

ನಾನು ಇದನ್ನು ಕಲಿತದ್ದು ಚಿತ್ರದುರ್ಗದಲ್ಲಿ, ಲಕ್ಷ್ಮೀ ಬಜಾರಿನ ಹತ್ತಿರದ ಒಂದು ಟಿವಿ ರಿಪೇರಿ ಅಂಗಡಿಯಲ್ಲಿ. ಆಗೆಲ್ಲಾ ದೊಡ್ಡ ಹೊಟ್ಟೆಯ ಪಿಕ್ಚರ್ ಟ್ಯೂಬ್ ಟಿವಿಗಳು. ಕಾಲೇಜು ಮುಗಿಸಿ ಬಂದು ಸಂಜೆ ಬೆಂಚಿಗೆ ಕೂರುತ್ತಿದ್ದೆ. ಅಲ್ಲಿ ಯಾವ ಸೆಟ್ ಬಂದರೂ ನೇರ ಮೇನ್ಸಿಗೆ ಹಾಕುವ ಹಾಗಿರಲಿಲ್ಲ. ಗೋಡೆಗೆ ಹೊಡೆದ ಹಲಗೆಯ ಮೇಲೆ 100 ವ್ಯಾಟಿನ ಸೀರೀಸ್ ಬಲ್ಬ್ ಇತ್ತು. ಮೊದಲು ಅದರ ಮೂಲಕ ಕೊಡಬೇಕು. ಬಲ್ಬ್ ಒಮ್ಮೆ ಮಿಂಚಿ ಮಂಕಾದರೆ ಮುಂದಿನ ಕೆಲಸ. ಪೂರ್ತಿ ಬೆಳಕು ಬಿಟ್ಟರೆ ಒಳಗೆ ಶಾರ್ಟ್ ಇದೆ. ಆಮೇಲೆ ಪವರ್ ಸಪ್ಲೈಯನ್ನು ಸೆಟ್‌ನಿಂದ ಬೇರೆ ಮಾಡಿ, ಔಟ್‌ಪುಟ್‌ಗೆ ಇನ್ನೊಂದು 60 ವ್ಯಾಟಿನ ಬಲ್ಬನ್ನು ಡಮ್ಮಿ ಲೋಡ್ ಅಂತ ಕಟ್ಟಿ ಅಳೆಯಬೇಕು. ಮೀಟರ್ ಹಿಡಿದು ‘ವೋಲ್ಟೇಜ್ ಬರ್ತಿದೆ’ ಅಂದರೆ ಯಜಮಾನರು ತಲೆ ಎತ್ತದೇ ಕೇಳುತ್ತಿದ್ದರು: “ಬಲ್ಬ್ ಹಾಕಿ ನೋಡಿದ್ಯೇನಪ್ಪಾ?” ಖಾಲಿ ಗಾಡಿ ಎಳೆಯೋದನ್ನು ನೋಡಿ ಎತ್ತು ಕೊಳ್ಳಬೇಡ ಅಂತ ಅವರ ಮಾತು.

ಆ ಅಂಗಡಿಯಲ್ಲಿ ಒಂದು ಉದ್ದ ನೋಟ್‌ಬುಕ್ ಇತ್ತು. ಪ್ರತಿ ಸೆಟ್ಟಿಗೂ ಒಂದು ಸಾಲು. ಲೋಡ್ ಇಲ್ಲದೆ ಎಷ್ಟು, ಲೋಡ್ ಹಾಕಿ ಎಷ್ಟು, ಹತ್ತು ನಿಮಿಷ ಓಡಿದ ಮೇಲೆ ಎಷ್ಟು, ಹೀಗೆ ಮೂರು ಮನೆ. ಒಂದು ಮನೆ ಖಾಲಿ ಬಿಟ್ಟರೂ ಯಜಮಾನರು ಸೆಟ್ ಮುಚ್ಚೋಕೆ ಬಿಡುತ್ತಿರಲಿಲ್ಲ. ನಾನು ಪತ್ರಿಕೆಗೆ ಬರೆಯೋಕೆ ಶುರು ಮಾಡಿದ್ದು ಎಷ್ಟೋ ವರ್ಷ ಆದ ಮೇಲೆ. ಆದರೆ ಬರವಣಿಗೆಯ ಅಭ್ಯಾಸ ಆದದ್ದು ಆ ನೋಟ್‌ಬುಕ್ಕಿನಲ್ಲಿ. ಈಗಲೂ ಯಾರದಾದರೂ ತಾಂತ್ರಿಕ ಲೇಖನ ಬಂದರೆ ನನ್ನ ಕಣ್ಣು ಮೊದಲು ಹುಡುಕೋದು ಆ ಮೂರು ಮನೆಗಳನ್ನೇ. ನಿಮ್ಮ ಲೇಖನದಲ್ಲಿ ಮೊದಲ ಮನೆ ಮಾತ್ರ ತುಂಬಿದೆ.

ಉಳಿದ ಎರಡನ್ನು ತುಂಬೋದು ಕಷ್ಟ ಅಲ್ಲ. ಸಿಸಿಟಿವಿ ಹಾಕುವವರ ಚೀಲದಲ್ಲಿ ಸ್ಕ್ರೂ ಇರುವ ಡಿಸಿ ಕನೆಕ್ಟರ್ ಇರುತ್ತದೆ. ಗಂಡು ಒಂದು, ಹೆಣ್ಣು ಒಂದು ತೆಗೆದುಕೊಂಡು ನಡುವೆ ಎರಡು ತುಂಡು ವೈರ್ ಹಾಕಿ. ಪ್ಲಸ್ ಮೈನಸ್ ಅದಲು ಬದಲಾಗದಂತೆ ನೋಡಿಕೊಳ್ಳಿ. ಈಗ ರೌಟರ್ ಓಡುತ್ತಿರುವಾಗಲೇ ಸ್ಕ್ರೂ ಮೇಲೆ ಮೀಟರ್ ಹಿಡಿಯಬಹುದು. ರೌಟರ್ ಇಲ್ಲದೆ ನೋಡಬೇಕಾದರೆ ಬೈಕಿನ ಇಂಡಿಕೇಟರ್ ಬಲ್ಬ್ ಸಾಕು. 12 ವೋಲ್ಟ್ 10 ವ್ಯಾಟಿನದು ಸುಮಾರು 0.83 ಆಂಪ್ ಎಳೆಯುತ್ತದೆ, 1 ಆಂಪ್ ಅಡಾಪ್ಟರಿಗೆ ಸರಿಹೊಂದುತ್ತದೆ. ಲೇಬಲ್ ಮೇಲೆ ಅರ್ಧ ಆಂಪ್ ಅಂತ ಇದ್ದರೆ ಇದನ್ನು ಹಾಕಬಾರದು. ತಣ್ಣಗಿರುವ ಬಲ್ಬ್ ಹತ್ತುವಾಗ ಒಂದು ಕ್ಷಣ ತುಂಬಾ ಜಾಸ್ತಿ ಎಳೆಯುತ್ತದೆ ಅನ್ನೋದನ್ನೂ ಬರೆಯಿರಿ. ಕೆಲವು ಒಳ್ಳೆ ಅಡಾಪ್ಟರ್‌ಗಳು ಅದನ್ನೇ ಶಾರ್ಟ್ ಅಂದುಕೊಂಡು ತಡೆದು ತಡೆದು ಶುರುವಾಗುತ್ತವೆ. ಹೀಗೆ ಲೋಡ್ ಹಾಕಿ ಅಳೆದಾಗ ಸಾಮಾನ್ಯವಾಗಿ ಶೇ. 5ರಷ್ಟು ಹೆಚ್ಚು ಕಮ್ಮಿ ಒಪ್ಪಬಹುದು, ಅಂದರೆ 11.4ರಿಂದ 12.6 ವೋಲ್ಟ್.

ಇಷ್ಟಾದರೂ ಮೀಟರ್ ತೋರಿಸೋದು ಸರಾಸರಿ. ವೋಲ್ಟೇಜ್ ಮೇಲೆ ಕೆಳಗೆ ಕುಣಿಯುತ್ತಿದ್ದರೆ ಅದಕ್ಕೆ ಕಾಣುವುದಿಲ್ಲ. ಅದಕ್ಕೇ ಕೊನೆಯ ಪರೀಕ್ಷೆ ಗೊತ್ತಿರುವ ಒಳ್ಳೆ ಅಡಾಪ್ಟರ್ ಹಾಕಿ ನೋಡುವುದು: ಅದೇ ವೋಲ್ಟೇಜ್, ಅಷ್ಟೇ ಅಥವಾ ಜಾಸ್ತಿ ಆಂಪ್ಸ್, ಅದೇ ಪೋಲಾರಿಟಿ, ಅಂದರೆ ಪ್ಲಸ್ ಮೈನಸ್ ಅದೇ ಕಡೆ. ನೀವು ‘ಸುಮ್ನೆ’ ಮಾಡಿದೆ ಎಂದು ಬರೆದದ್ದೇ ನಿಮ್ಮ ಲೇಖನದ ಅತಿ ಗಟ್ಟಿ ಪರೀಕ್ಷೆ. ಅದನ್ನು ತಲೆ ಎತ್ತಿ ಬರೆಯಿರಿ.

ಇನ್ನೊಂದು ಲಕ್ಷಣ ನೀವು ಬಿಟ್ಟೇ ಬಿಟ್ಟಿದ್ದೀರಿ. ಜಗಳೂರು, ಚಳ್ಳಕೆರೆ ಕಡೆಯ ಹಳ್ಳಿಗಳಲ್ಲಿ ಕರೆಂಟ್ ಹೋಗಿ ಬರೋದು ದಿನದ ಮಾತು. ತಿಂಗಳುಗಟ್ಟಲೆ ಚೆನ್ನಾಗಿ ಓಡುತ್ತಿದ್ದ ರೌಟರ್, ಕರೆಂಟ್ ಹೋಗಿ ಬಂದ ಮೇಲೆ ಏಳುವುದೇ ಇಲ್ಲ. ಜನ ವೋಲ್ಟೇಜ್ ಜಾಸ್ತಿ ಬಂದು ಸುಟ್ಟುಹೋಯಿತು ಅನ್ನುತ್ತಾರೆ. ಹಾಗೂ ಆಗಬಹುದು. ಆದರೆ ಒಣಗಿದ ಕೆಪಾಸಿಟರ್ ಬಿಸಿಯಾಗಿದ್ದಾಗ ಹೇಗೋ ನಡೆಸುತ್ತದೆ, ತಣ್ಣಗಾದ ಮೇಲೆ ಅದರ ಇಎಸ್‌ಆರ್ ಇನ್ನೂ ಏರುತ್ತದೆ, ಶುರು ಮಾಡೋಕೆ ಕೈಲಾಗುವುದಿಲ್ಲ. ನಮ್ಮ ಕಡೆಯ ಓದುಗರಿಗೆ ಈ ಒಂದು ಪ್ಯಾರಾ ಬಹಳ ಉಪಯೋಗ ಆಗುತ್ತದೆ.

ಎರಡನೇ ತಕರಾರು ಚಿಕ್ಕದು, ಆದರೆ ನನಗೆ ನಿಜವಾಗಿ ಭಯ ಹುಟ್ಟಿಸಿದ್ದು ಅದೇ. ಎರಡನೇ ಪುಟದಲ್ಲಿ ‘ಅಡಾಪ್ಟರ್ ಬಿಚ್ಚಿ ಕೆಪಾಸಿಟರ್‌ಗಳನ್ನು ಪರೀಕ್ಷಿಸಿ’ ಎಂದಿದ್ದೀರಿ. ಎಚ್ಚರಿಕೆಯ ಮಾತು ಬರುವುದು ನಾಲ್ಕನೇ ಪುಟದ ಕೊನೇ ಸಾಲಿನಲ್ಲಿ. ನಡುವೆ ಓದುಗ ಅಡಾಪ್ಟರ್ ಒಡೆದು ಕೈಯಲ್ಲಿ ಹಿಡಿದಿರುತ್ತಾನೆ. 230 ವೋಲ್ಟ್ ಎಸಿ ಡಿಸಿಗೆ ತಿರುಗಿದಾಗ ಒಳಗಿನ ದೊಡ್ಡ ಕೆಪಾಸಿಟರ್ ಮೇಲೆ ಸುಮಾರು 325 ವೋಲ್ಟ್ ಕೂತಿರುತ್ತದೆ. ಪ್ಲಗ್ ಕಿತ್ತರೂ ಅದು ಉಳಿಯಬಹುದು. ಓಡುತ್ತಿದ್ದ ಅಡಾಪ್ಟರ್ ಅದನ್ನು ತಾನೇ ಖಾಲಿ ಮಾಡಿಕೊಳ್ಳುತ್ತದೆ. ಐಸಿ ಸತ್ತ ಅಡಾಪ್ಟರ್‌ನಲ್ಲಿ ಖಾಲಿ ಮಾಡುವವರು ಯಾರೂ ಇಲ್ಲ, ಹಾಗಾಗಿ ಸತ್ತಿದೆ ಅಂತ ಧೈರ್ಯದಿಂದ ಬಿಚ್ಚುವ ಅಡಾಪ್ಟರೇ ಹೆಚ್ಚು ಅಪಾಯ. ಈ ಮಾತು ‘ಬಿಚ್ಚಿ’ ಅನ್ನುವ ಮೊದಲೇ ಬರಬೇಕು. ನನ್ನ ಅಭಿಪ್ರಾಯ ಕೇಳಿದರೆ, ಮನೆಯ ಓದುಗರಿಗೆ ಬಿಚ್ಚೋಕೇ ಹೇಳಬೇಡಿ. ಅಡಾಪ್ಟರ್ ಬದಲಾಯಿಸಿ ಅಂತ ನಿಲ್ಲಿಸಿ. ರಿಪೇರಿ ಗೊತ್ತಿದ್ದವರಿಗೆ ಬೇರೆ ಪ್ಯಾರಾ ಮಾಡಿ, ರೆಸಿಸ್ಟರ್ ಹಾಕಿ ಖಾಲಿ ಮಾಡುವುದು ಹೇಗೆ, ಬದಲಿಗೆ 105 ಡಿಗ್ರಿ ಬಿಸಿ ತಡೆಯುವ, ಕಡಿಮೆ ಇಎಸ್‌ಆರ್ ಇರುವ ಕೆಪಾಸಿಟರೇ ಯಾಕೆ ಬೇಕು ಅಂತ ಬರೆಯಿರಿ. ಹತ್ತು ಡಿಗ್ರಿ ಬಿಸಿ ಕಮ್ಮಿಯಾದರೆ ಕೆಪಾಸಿಟರ್ ಆಯಸ್ಸು ಸುಮಾರು ಎರಡರಷ್ಟಾಗುತ್ತದೆ ಅನ್ನೋದು ರಿಪೇರಿಯವರೆಲ್ಲ ನಂಬುವ ಲೆಕ್ಕ. ರ್‍ಯಾಕಿನ ಹಿಂದೆ, ಗೋಣಿಚೀಲದ ಸಂದಿಯಲ್ಲಿ ತುರುಕಿದ ಅಡಾಪ್ಟರನ್ನು ಗಾಳಿಗೆ ತಂದು ಇಡಿ ಅಂತ ಅಂಗಡಿಯವರಿಗೆ ಹೇಳೋಕೆ ಇಷ್ಟು ಸಾಕು.

ವೈಫೈ ಚಾನೆಲ್, ಫರ್ಮ್‌ವೇರ್ ಬಗ್ಗೆ ಬರೆದ ಭಾಗಗಳ ಬಗ್ಗೆ ನಾನು ಏನೂ ಹೇಳುತ್ತಿಲ್ಲ. ಈ ಲೇಖನಕ್ಕೆ ಅವು ಬೇಡ, ಬೇರೆ ಬರೆಯಬಹುದು.

ತಿದ್ದಿ ಕಳಿಸಿ. ಆ ಹಳೇ ಅಡಾಪ್ಟರ್ ಇನ್ನೂ ನಿಮ್ಮ ಹತ್ತಿರ ಇದ್ದರೆ ಎಸೆಯಬೇಡಿ. ಬಲ್ಬ್ ಹಾಕಿ ಅಳೆಯಿರಿ, ಹತ್ತು ನಿಮಿಷ ಬಿಟ್ಟು ಮತ್ತೆ ಅಳೆಯಿರಿ, ಮೂರೂ ಅಂಕಿ ಬರೆಯಿರಿ. ಅದರ ಪಕ್ಕದಲ್ಲಿ ಹೊಸ ಅಡಾಪ್ಟರಿನ ಮೂರು ಅಂಕಿ ಇರಲಿ. ಲೇಬಲ್‌ನ ಫೋಟೋ ಹತ್ತಿರದಿಂದ ತೆಗೆಯಿರಿ. ಈಗ ಕಳಿಸಿದ್ದರಲ್ಲಿ ವೋಲ್ಟ್, ಆಂಪ್ಸ್ ಕಾಣುತ್ತವೆ, ಆದರೆ ಮಧ್ಯದ ಪಿನ್ ಪ್ಲಸ್ಸೋ ಮೈನಸ್ಸೋ ತೋರಿಸುವ ಗುರುತು ನಿಮ್ಮ ಹೆಬ್ಬೆರಳಿನ ಕೆಳಗೆ ಮುಚ್ಚಿಹೋಗಿದೆ.