ಬಾರದ ಫೋನು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ವಯಸ್ಸು 32. ಕೆಳಹಂತದ ಫುಟ್‌ಬಾಲ್ ಲೀಗ್‌ಗಳಲ್ಲಿ ಡಿಫೆಂಡರ್. 12 ಸೀಸನ್, 9 ಕ್ಲಬ್. ನಿದ್ದೆ ಬರಲ್ಲ ಅಂತ ನನ್ನ ಹತ್ತಿರ ಸಲಹೆಗೆ ಬಂದಿದ್ದರು. ಮಾತಾಡುವಷ್ಟು ಹೊತ್ತೂ ಫೋನು ತೊಡೆಯ ಮೇಲೇ ಇತ್ತು. ಎಷ್ಟು ಸಲ ನೋಡಿದರೋ, ನಾನು ಎಣಿಸುವುದನ್ನೇ ಬಿಟ್ಟೆ.

ಕರಾರು ಮುಗಿದು ಏಳು ವಾರ ಆಗಿತ್ತು. ಏಜೆಂಟ್ "ನೋಡೋಣ" ಅಂದಿದ್ದ. ಇದೇನೂ ಹೊಸದಲ್ಲ. ಒಂದು ವರ್ಷದ ಕರಾರು, ಆರು ತಿಂಗಳು ಲೋನ್ (ಇನ್ನೊಂದು ಕ್ಲಬ್ಬಿಗೆ ಎರವಲು), ಟ್ರಯಲ್ (ಆಡಿಸಿ ನೋಡುವುದು), ಮತ್ತೆ ಒಂದು ವರ್ಷ. ಮೂರು ಮನೆ ಬದಲಾದರೂ ಬಿಚ್ಚದ ರಟ್ಟಿನ ಪೆಟ್ಟಿಗೆ ಒಂದಿದೆಯಂತೆ. ಒಳಗೇನಿದೆ ಅಂದೆ. "ಹೆಂಡತಿಗೆ ಗೊತ್ತಿರಬೇಕು" ಅಂದರು.

ಆಟ ಬಿಡುವ ಭಯ ಅಂದುಕೊಂಡಿದ್ದೆ. ತಪ್ಪು.

"ಬಿಡೋಕೆ ನಾನು ರೆಡಿ. ಆದ್ರೆ ಬಿಡು ಅಂತ ಯಾರೂ ಹೇಳ್ತಿಲ್ಲವಲ್ಲ."

ನಿಜ ಅಲ್ವಾ? ವರ್ಗಾವಣೆ ವಿಂಡೋ, ಅಂದರೆ ಕ್ಲಬ್ಬುಗಳು ಆಟಗಾರರನ್ನು ಸೇರಿಸಿಕೊಳ್ಳುವ ಅವಧಿ, ಮುಚ್ಚುವ ಮುಂಚೆ ಕರಾರು ಮುಗಿದಿದ್ದರೆ, ವಿಂಡೋ ಮುಚ್ಚಿದ ಮೇಲೂ ಹೊಸ ಕ್ಲಬ್ ಸೇರಲು ಫಿಫಾ ನಿಯಮದಲ್ಲಿ ಅವಕಾಶವಿದೆ. ಆಟಗಾರನಿಗೆ ಅನುಕೂಲವೇ. ಆದರೆ ಕಾಯುವುದಕ್ಕೆ ಕೊನೆಯೇ ಇಲ್ಲ. ಎಲ್ಲೋ ಯಾರದೋ ಮಂಡಿ ತಿರುಚಿದರೆ ನಾಳೆಯೇ ಫೋನು ಬರಬಹುದು. ಮೇಲೆ ಸ್ನೇಹಿತರು ಇಂಗ್ಲೆಂಡಿನ ಆಟಗಾರ ಜೇಮಿ ವಾರ್ಡಿ ಕತೆ ಹೇಳುತ್ತಾರೆ. ಐದನೇ ಹಂತದ ಲೀಗ್‌ನಿಂದ 2012ರಲ್ಲಿ ಲೆಸ್ಟರ್ ಸಿಟಿಗೆ ಹೋಗಿ, 2016ರಲ್ಲಿ ಅಲ್ಲಿನ ಮೊದಲ ಹಂತದ ಪ್ರೀಮಿಯರ್ ಲೀಗ್ ಗೆದ್ದ ಕತೆ. "ಅವರು ಹೋದಾಗ 25" ಅಂತ ಇವರೇ ಲೆಕ್ಕ ಹಾಕಿ ನಕ್ಕರು.

ಧೈರ್ಯ ತುಂಬುವ ಮಾತು ಅವರಿಗೆ ಬೇಕಿರಲಿಲ್ಲ, ಅದು ಜಾಸ್ತಿಯೇ ಸಿಕ್ಕಿತ್ತು. ಹೆಂಡತಿ ಜೊತೆ ಕೂತು ಒಂದು ತಾರೀಕು ಗೊತ್ತು ಮಾಡಿ ಅಂದೆ. ಅಲ್ಲಿವರೆಗೆ ಎಂಥ ಕರೆಗೆ ಹೂಂ ಅನ್ನಬಹುದು, ಎಂಥದಕ್ಕೆ ಬೇಡ, ಬರೆದಿಡಿ. ಸಂಬಳವಿಲ್ಲದ ಟ್ರಯಲ್‌ಗೆ ಬೇಡ ಅಂತ ಹೆಂಡತಿಯೇ ಮೊದಲು ಬರೆದರಂತೆ. ಆ ತಾರೀಕಿನ ನಂತರ ಫೋನು ಬಂದರೆ ಉತ್ತರ ಇಬ್ಬರದೂ, ಇವರೊಬ್ಬರದಲ್ಲ. ಏಜೆಂಟ್ ನಂಬರಿಗೆ ಬೇರೆ ರಿಂಗ್‌ಟೋನ್ ಇಡಿ ಅಂತಲೂ ಹೇಳಿದೆ. ಸುಮ್ನೆ ಸುಮ್ನೆ ಫೋನು ನೋಡುವುದು ತಪ್ಪುತ್ತೆ.

ಕೋಚಿಂಗ್ ಲೈಸೆನ್ಸ್ ಕೋರ್ಸಿಗೆ ಸೇರಿದರೆ ಆಟ ಮುಗೀತು ಅಂತ ತಾನೇ ಸಾರಿದಂತೆ ಅನ್ನೋದು ಅವರ ಅಳುಕು. ಆಡುತ್ತಲೇ ಅದನ್ನು ಮಾಡಿಕೊಳ್ಳುವವರು ಬೇಕಾದಷ್ಟಿದ್ದಾರೆ ಅಂದೆ. ಒಪ್ಪಲಿಲ್ಲ, ಆದರೆ ಅರ್ಜಿ ನಮೂನೆ ತರಿಸಿಕೊಂಡರು. ಹಳೆಯ ಕ್ಲಬ್ಬೊಂದು ಎರಡು ತಿಂಗಳ ಸಂಬಳ ಬಾಕಿ ಇಟ್ಟಿತ್ತು. ಅದು ನನ್ನ ಕೈಲಾಗುವ ಕೆಲಸವಲ್ಲ. ಆಟಗಾರರ ಸಂಘದ ಹತ್ತಿರ ಕಳಿಸಿದೆ.

ಮೂರನೇ ಭೇಟಿಗೆ ಬಂದಾಗ ಫೋನು ಜೇಬಿನಲ್ಲಿತ್ತು. ತಾರೀಕಿಗೆ ಇನ್ನೂ ಐದು ವಾರವಿತ್ತು. ನಿದ್ದೆ ಅರ್ಧಂಬರ್ಧ. ಪೆಟ್ಟಿಗೆ ಬಿಚ್ಚಿದರಂತೆ. ಒಳಗಿದ್ದದ್ದು ಪರದೆಗಳು. ಈಗಿನ ಕಿಟಕಿಗೆ ಒಂದು ಗೇಣು ಗಿಡ್ಡವಂತೆ.